ಇಂಗ್ಲೆಂಡಿನ ಹಳ್ಳಿಯಲ್ಲಿ ಲಿಸ್ಟೆಡ್ ಮನೆ: ಕೊಳ್ಳುವ ಮುಂಚೆ, ಮುಟ್ಟುವ ಮುಂಚೆ

ಇಂಗ್ಲೆಂಡಿನ ಸಫೋಕ್ ಕೌಂಟಿಯ ಲ್ಯಾವೆನಮ್ ಹಳ್ಳಿಯಲ್ಲಿ ಇರುವ ಜನ ಸುಮಾರು 1,700. ಕಾನೂನಿನ ರಕ್ಷಣೆಯ ಪಟ್ಟಿಗೆ ಸೇರಿದ, ಅಂದರೆ 'ಲಿಸ್ಟೆಡ್' ಆದ ಹಳೇ ಕಟ್ಟಡಗಳು 300ಕ್ಕೂ ಜಾಸ್ತಿ. ಓಕ್ ಮರದ ಚೌಕಟ್ಟು, ಅದರ ನಡುವೆ ಮಣ್ಣಿನ ಗೋಡೆ, ಬೀದಿಯ ಕಡೆಗೆ ಚಾಚಿದ ಮಹಡಿ, ಮೇಲೆ ತಿಳಿ ಗುಲಾಬಿ ಅಥವಾ ಹಳದಿ ಸುಣ್ಣ. ಇವುಗಳಲ್ಲಿ ಬಹಳಷ್ಟು 15 ಮತ್ತು 16ನೇ ಶತಮಾನದ ಮನೆಗಳು. ಆಗ ಈ ಊರು ಉಣ್ಣೆ ಬಟ್ಟೆ ಮಾರಿ ಚೆನ್ನಾಗಿ ದುಡ್ಡು ಮಾಡಿತ್ತು. 1524ರ ತೆರಿಗೆ ಲೆಕ್ಕದಲ್ಲಿ ಇಂಗ್ಲೆಂಡಿನ ಶ್ರೀಮಂತ ಊರುಗಳ ಪೈಕಿ ಇದಕ್ಕೆ 14ನೇ ಸ್ಥಾನ. ಇಲ್ಲಿನ ಚರ್ಚಿನ 141 ಅಡಿ ಎತ್ತರದ ಗೋಪುರ ಎದ್ದಿದ್ದೂ ಆ ದುಡ್ಡಿನಿಂದಲೇ.

ಆಮೇಲೆ ಕೋಲ್ಚೆಸ್ಟರ್‌ಗೆ ಬಂದು ನೆಲೆಸಿದ ಡಚ್ ನೇಕಾರರು ಹಗುರವಾದ, ಅಗ್ಗದ ಬಟ್ಟೆ ನೇಯತೊಡಗಿದರು. ಲ್ಯಾವೆನಮ್‌ನ ವ್ಯಾಪಾರ ಬಿದ್ದುಹೋಯಿತು. ಬೇರೆ ಊರುಗಳಲ್ಲಿ ಅನುಕೂಲಸ್ಥರು ಮರದ ಮನೆ ಕೆಡವಿ ಇಟ್ಟಿಗೆ ಮನೆ ಕಟ್ಟಿಕೊಂಡರು. ಇಲ್ಲಿ ಹೆಚ್ಚಿನವರ ಹತ್ತಿರ ಅಷ್ಟು ಹಣವೇ ಇರಲಿಲ್ಲ. ಮನೆಗಳು ಹಾಗೇ ಉಳಿದವು. ಈಗ ಅವನ್ನು ಕಾಯುತ್ತಿರುವುದು ಕಾನೂನು.

ಕೇಂಬ್ರಿಡ್ಜ್, ಇಪ್ಸ್‌ವಿಚ್ ಕಡೆ ಕೆಲಸದಲ್ಲಿರುವ ಕನ್ನಡಿಗರಿಗೆ ಇಂಥ ಹಳ್ಳಿಯ ಮನೆ ಕಣ್ಣಿಗೆ ಬಿದ್ದರೆ ಆಸೆ ಆಗುವುದು ಸಹಜ. ನನಗೂ ಈ ಮನೆಗಳ ಮೇಲೆ ತುಂಬಾ ಪ್ರೀತಿ. ಆದರೆ ಕಾಗದಪತ್ರ ಸರಿಯಾಗಿ ನೋಡದೆ ಕೊಂಡರೆ, ಹಿಂದಿನ ಮಾಲೀಕರು ಮಾಡಿದ ತಪ್ಪು ನಿಮ್ಮ ತಲೆ ಮೇಲೆ ಬರುತ್ತದೆ. ಅದಕ್ಕೇ ಈ ಲೇಖನ. ಇಲ್ಲಿ ಹೇಳಿರುವುದು ಇಂಗ್ಲೆಂಡಿಗೆ ಮಾತ್ರ. ಸ್ಕಾಟ್ಲೆಂಡ್, ವೇಲ್ಸ್‌ಗಳ ಕಾನೂನು ಬೇರೆ.

ಹೆಜ್ಜೆ 1: ಮನೆ ಲಿಸ್ಟ್‌ನಲ್ಲಿ ಇದೆಯಾ ನೋಡಿ

'ಹಿಸ್ಟಾರಿಕ್ ಇಂಗ್ಲೆಂಡ್' ಎಂಬ ಸರ್ಕಾರಿ ಸಂಸ್ಥೆಯ ವೆಬ್‌ಸೈಟ್‌ನಲ್ಲಿ 'ನ್ಯಾಷನಲ್ ಹೆರಿಟೇಜ್ ಲಿಸ್ಟ್ ಫಾರ್ ಇಂಗ್ಲೆಂಡ್' ಇದೆ. ಯಾರು ಬೇಕಾದರೂ ನೋಡಬಹುದು, ದುಡ್ಡು ಕೊಡಬೇಕಿಲ್ಲ. ಊರಿನ ಹೆಸರೋ ಪೋಸ್ಟ್‌ಕೋಡೋ ಹಾಕಿ, ನಕ್ಷೆಯಲ್ಲಿ ನಿಮ್ಮ ಮನೆಯ ಮೇಲೆ ಗುರುತು ಇದೆಯಾ ನೋಡಿ. ಎಸ್ಟೇಟ್ ಏಜೆಂಟ್ ಬಾಯಿಮಾತಲ್ಲಿ ಹೇಳಿದ್ದನ್ನು ನಂಬಿ ಕೂರಬೇಡಿ.

ಈ ಲಿಸ್ಟ್ ಹುಟ್ಟಿದ್ದು ಎರಡನೇ ಮಹಾಯುದ್ಧದ ಕಾಲದಲ್ಲಿ. ಜರ್ಮನ್ ಬಾಂಬುಗಳಿಗೆ ಊರೂರೇ ಉರಿಯುತ್ತಿದ್ದಾಗ, ಹಾಳಾದ ಕಟ್ಟಡಗಳಲ್ಲಿ ಯಾವುದನ್ನು ಉಳಿಸಲೇಬೇಕು ಅಂತ ವಾಸ್ತುಶಿಲ್ಪಿಗಳು ಪಟ್ಟಿ ಮಾಡಿದರು. 1947ರ ಟೌನ್ ಅಂಡ್ ಕಂಟ್ರಿ ಪ್ಲ್ಯಾನಿಂಗ್ ಕಾಯ್ದೆ ಬಂದ ಮೇಲೆ ಅದು ದೇಶದುದ್ದಕ್ಕೂ ನಡೆಯುವ ಕೆಲಸವಾಯಿತು. ಇವತ್ತು ಲಿಸ್ಟೆಡ್ ಕಟ್ಟಡಗಳ ನಮೂದುಗಳು 4 ಲಕ್ಷದ ಹತ್ತಿರ ಇವೆ. 1700ಕ್ಕಿಂತ ಹಿಂದಿನ ಕಟ್ಟಡ ಮೂಲ ರೂಪಕ್ಕೆ ಹತ್ತಿರವಾಗಿ ಉಳಿದಿದ್ದರೆ ಲಿಸ್ಟ್‌ನಲ್ಲಿ ಇರುವ ಸಾಧ್ಯತೆ ತುಂಬಾ ಜಾಸ್ತಿ. 1850ರವರೆಗಿನವೂ ಬಹಳಷ್ಟು ಇವೆ.

ಮೂರು ದರ್ಜೆ: ಗ್ರೇಡ್ 1, ಗ್ರೇಡ್ 2 ಸ್ಟಾರ್, ಗ್ರೇಡ್ 2. ಸುಮಾರು ಶೇ. 2.5ರಷ್ಟು ಗ್ರೇಡ್ 1, ಶೇ. 5.8ರಷ್ಟು ಗ್ರೇಡ್ 2 ಸ್ಟಾರ್. ಉಳಿದವೆಲ್ಲ ಗ್ರೇಡ್ 2. ಹಳ್ಳಿಯ ಮನೆಗಳು ಸಾಮಾನ್ಯವಾಗಿ ಗ್ರೇಡ್ 2ರಲ್ಲೇ ಇರುತ್ತವೆ.

ಹೆಜ್ಜೆ 2: ಲಿಸ್ಟ್ ಏನನ್ನು ಕಾಯುತ್ತದೆ ಅಂತ ಸರಿಯಾಗಿ ತಿಳಿಯಿರಿ

ಜನ ಅತಿ ಹೆಚ್ಚು ಎಡವುವ ಜಾಗ ಇದು, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

"ಗ್ರೇಡ್ 2 ಅಂದ್ರೆ ಮುಂದಿನ ಗೋಡೆ ಮಾತ್ರ, ಒಳಗೆ ಏನು ಬೇಕಾದ್ರೂ ಮಾಡ್ಬಹುದು" ಅಂತ ಹೇಳುವವರು ಸಿಗುತ್ತಾರೆ. ಅದು ತಪ್ಪು. ದರ್ಜೆ ಯಾವುದೇ ಇರಲಿ, ರಕ್ಷಣೆ ಇಡೀ ಕಟ್ಟಡಕ್ಕೆ, ಒಳಗೂ ಹೊರಗೂ. ಮೆಟ್ಟಿಲು, ಒಲೆಗೂಡು, ಮರದ ತೊಲೆ, ಹಳೇ ಬಾಗಿಲು, ಅಟ್ಟದ ಮರಗೆಲಸ, ನೆಲದ ಹಲಗೆ ಎಲ್ಲವೂ ಸೇರಿತು. ಆಮೇಲೆ ಸೇರಿಸಿದ ಭಾಗಗಳೂ ಸೇರಿತು.

ಲಿಸ್ಟ್‌ನಲ್ಲಿರುವ ವಿವರಣೆ ಓದುವಾಗಲೂ ಎಚ್ಚರ ಬೇಕು. ಹಳೇ ವಿವರಣೆಗಳು ನಾಲ್ಕೈದು ಸಾಲಿನವು. ಇದೇ ಕಟ್ಟಡ ಅಂತ ಗುರುತು ಹಿಡಿಯಲು ಬರೆದವು ಅಷ್ಟೇ. ಬರೆದವರು ಎಷ್ಟೋ ಸಲ ಒಳಗೆ ಹೋಗಿ ನೋಡಿರುವುದೇ ಇಲ್ಲ. ಒಲೆಗೂಡಿನ ಹೆಸರು ಅಲ್ಲಿಲ್ಲ ಅಂದ ಮಾತ್ರಕ್ಕೆ ಅದಕ್ಕೆ ರಕ್ಷಣೆ ಇಲ್ಲ ಅಂತ ಅಲ್ಲ. 2013ರ ಕಾನೂನು ಬದಲಾವಣೆಯ ನಂತರ ಸೇರಿದ ಅಥವಾ ತಿದ್ದಿದ ನಮೂದುಗಳಲ್ಲಿ ಮಾತ್ರ, ಇಂಥ ಭಾಗಕ್ಕೆ ರಕ್ಷಣೆ ಇಲ್ಲ ಅಂತ ನೇರವಾಗಿ ಬರೆಯುವ ಅವಕಾಶ ಇದೆ. ಹಾಗೆ ಬರೆದಿಲ್ಲವಾದರೆ ಎಲ್ಲವೂ ಒಳಗೆ ಅಂತಲೇ ತಿಳಿಯಿರಿ.

ಹಿತ್ತಲಿಗೆ ಬನ್ನಿ. ಮನೆಗೆ ಸೇರಿದ ಆವರಣದಲ್ಲಿ 1948ರ ಜುಲೈ 1ಕ್ಕಿಂತ ಮುಂಚೆಯಿಂದ ಇರುವ ಕಾಂಪೌಂಡ್ ಗೋಡೆ, ಕುದುರೆ ಲಾಯ, ಸೌದೆ ಕೊಟ್ಟಿಗೆಗಳಿಗೂ ಸಾಮಾನ್ಯವಾಗಿ ಇದೇ ರಕ್ಷಣೆ ಸಿಗುತ್ತದೆ. ಮುರುಕಲು ಗೋಡೆ ಅಂತ ಕೆಡವಲು ಹೋಗಬೇಡಿ.

ಪಕ್ಕದಲ್ಲಿ ಲಿಸ್ಟೆಡ್ ಕಟ್ಟಡ ಇದ್ದು ನಿಮ್ಮದು ಹೊಸ ಮನೆಯಾದರೂ ವಿಷಯ ಅಲ್ಲಿಗೆ ಮುಗಿಯುವುದಿಲ್ಲ. ನಮ್ಮಲ್ಲಿ ಕೇಂದ್ರ ಪುರಾತತ್ವ ಇಲಾಖೆಯ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ ಅಂತ ಅಳತೆ ಇದೆ. ಹಂಪಿ, ಬಾದಾಮಿ ಕಡೆಯವರಿಗೆ ಇದು ಚೆನ್ನಾಗಿ ಗೊತ್ತು. ಇಂಗ್ಲೆಂಡಿನಲ್ಲಿ ಲಿಸ್ಟೆಡ್ ಕಟ್ಟಡಕ್ಕೆ ಇಂಥ ಅಳತೆ ಇಲ್ಲ. ಅದರ ಸುತ್ತಲಿನ ನೋಟ, ಪರಿಸರ ಕೆಡುತ್ತದೆಯೇ ಅಂತ ಪ್ಲ್ಯಾನಿಂಗ್ ಅರ್ಜಿ ಬಂದಾಗ ಪ್ರತಿ ಸಲವೂ ತೂಗಿ ನೋಡುತ್ತಾರೆ.

ಹೆಜ್ಜೆ 3: ಕೊಳ್ಳುವ ಮುಂಚೆ ಹಳೇ ಕೆಲಸಗಳ ಲೆಕ್ಕ ಕೇಳಿ

ಸಾಮಾನ್ಯ ಮನೆಯಲ್ಲಿ ಅನುಮತಿ ಇಲ್ಲದೆ ಏನಾದರೂ ಕಟ್ಟಿದ್ದರೆ, ಈಗಿನ ನಿಯಮದ ಪ್ರಕಾರ 10 ವರ್ಷ ಕಳೆದ ಮೇಲೆ ಕೌನ್ಸಿಲ್‌ಗೆ (ಸ್ಥಳೀಯ ಆಡಳಿತಕ್ಕೆ) ಸಾಮಾನ್ಯವಾಗಿ ಕ್ರಮ ಕೈಗೊಳ್ಳಲು ಆಗುವುದಿಲ್ಲ. ಲಿಸ್ಟೆಡ್ ಕಟ್ಟಡಕ್ಕೆ ಇಂಥ ಗಡುವೇ ಇಲ್ಲ. 20 ವರ್ಷದ ಹಿಂದೆ ಯಾರೋ ಹಳೇ ಕಿಟಕಿ ಕಿತ್ತು ಪ್ಲಾಸ್ಟಿಕ್ ಕಿಟಕಿ ಕೂರಿಸಿದ್ದರೆ, ಅದನ್ನು ಸರಿಪಡಿಸಿ ಅಂತ ಇವತ್ತಿನ ಮಾಲೀಕರಿಗೆ ನೋಟಿಸ್ ಬರಬಹುದು. ಹಿಂದಿನವರ ತಪ್ಪಿಗೆ ನಿಮ್ಮ ಮೇಲೆ ಕ್ರಿಮಿನಲ್ ಕೇಸ್ ಹಾಕುವುದಿಲ್ಲ ನಿಜ, ಆದರೆ ಸರಿಪಡಿಸುವ ಖರ್ಚು ನಿಮ್ಮದೇ.

ಆದ್ದರಿಂದ ಹೀಗೆ ಮಾಡಿ. ಕೌನ್ಸಿಲ್‌ನ ವೆಬ್‌ಸೈಟ್‌ನಲ್ಲಿ ಆ ವಿಳಾಸದ ಹಳೇ ಅರ್ಜಿಗಳು, ನಕ್ಷೆಗಳು ಸಿಗುತ್ತವೆ. ಲ್ಯಾವೆನಮ್‌ಗೆ ಈಗ ಬೇಬರ್ ಡಿಸ್ಟ್ರಿಕ್ಟ್ ಕೌನ್ಸಿಲ್. ಆ ನಕ್ಷೆಗಳನ್ನು ಇಳಿಸಿಕೊಂಡು ಮನೆ ನೋಡಲು ಹೋಗಿ. ಹೊಸದಾಗಿ ಕಾಣುವ ಕಿಟಕಿ, ಒಡೆದು ದೊಡ್ಡದು ಮಾಡಿದ ಅಡುಗೆಮನೆ, ಅಟ್ಟದಲ್ಲಿ ಎದ್ದ ರೂಮು, ಇವುಗಳಲ್ಲಿ ಯಾವುದಕ್ಕೆ ಅನುಮತಿ ಪತ್ರ ಇದೆ, ಯಾವುದಕ್ಕೆ ಇಲ್ಲ ಅಂತ ಒಂದೊಂದೇ ಹೋಲಿಸಿ. ಇಲ್ಲದ್ದನ್ನು ಪಟ್ಟಿ ಮಾಡಿ, ಮನೆ ಖರೀದಿಯ ಕಾಗದಪತ್ರ ನೋಡುವ ನಿಮ್ಮ ವಕೀಲರಿಗೆ, ಅಂದರೆ ಸಾಲಿಸಿಟರ್‌ಗೆ ಕೊಡಿ. ಅವರು ಕೌನ್ಸಿಲ್ ದಾಖಲೆಗಳಿಂದ ತರಿಸುವ 'ಲೋಕಲ್ ಸರ್ಚ್' ವರದಿಯಲ್ಲಿ ಮನೆ ಲಿಸ್ಟೆಡ್ ಹೌದೋ ಅಲ್ಲವೋ, ನೋಟಿಸ್ ಏನಾದರೂ ಇದೆಯಾ ಅಂತ ಬರುತ್ತದೆ. ಅನುಮತಿ ಇಲ್ಲದೆ ಸದ್ದಿಲ್ಲದೆ ಆದ ಕೆಲಸ ಅದರಲ್ಲಿ ಕಾಣುವುದಿಲ್ಲ. ಅದನ್ನು ನೀವೇ ಕಣ್ಣಾರೆ ನೋಡಬೇಕು.

ಇಂಥ ಹೊತ್ತಿನಲ್ಲಿ "ಇಂಡೆಮ್ನಿಟಿ ಇನ್ಶೂರೆನ್ಸ್ ಮಾಡಿಸಿಬಿಡೋಣ" ಎಂಬ ಸಲಹೆ ಬರುತ್ತದೆ. ಕೌನ್ಸಿಲ್ ಕ್ರಮ ಕೈಗೊಂಡರೆ ಆಗುವ ನಷ್ಟ ತುಂಬಿಕೊಡುವ ವಿಮೆ ಇದು. ಹೂಂ ಅನ್ನುವ ಮುಂಚೆ ಷರತ್ತು ಓದಿ. ಇಂಥ ಪಾಲಿಸಿಗಳಲ್ಲಿ ಆ ಕೆಲಸದ ಬಗ್ಗೆ ಕೌನ್ಸಿಲ್ ಜೊತೆ ಮಾತಾಡಬಾರದು ಅಂತ ಇರುತ್ತದೆ. ಮುಂದೆ ನೀವು ಯಾವುದಾದರೂ ಕೆಲಸಕ್ಕೆ ಅನುಮತಿ ಕೇಳಲೇಬೇಕಲ್ವಾ? ಆಗ ಅಧಿಕಾರಿ ಮನೆಗೆ ಬರುತ್ತಾರೆ, ಕಿಟಕಿ ನೋಡುತ್ತಾರೆ. ನನ್ನ ಅಭಿಪ್ರಾಯದಲ್ಲಿ, ಮಾರುವವರೇ ಕೌನ್ಸಿಲ್‌ಗೆ ಅರ್ಜಿ ಹಾಕಿ ಸರಿಮಾಡಿಕೊಡಲಿ, ಇಲ್ಲವೇ ಆ ಖರ್ಚನ್ನು ಬೆಲೆಯಲ್ಲಿ ಇಳಿಸಲಿ.

ಮನೆಯ ಸ್ಥಿತಿಯ ಸರ್ವೇ ಮಾಡಿಸುವಾಗ ಅತಿ ವಿವರವಾದ ಲೆವೆಲ್ 3 ಬಿಲ್ಡಿಂಗ್ ಸರ್ವೇಯನ್ನೇ ಮಾಡಿಸಿ, ಅದೂ ಹಳೇ ಕಟ್ಟಡ ಬಲ್ಲವರಿಂದ. ಹೊಸ ಮನೆ ಮಾತ್ರ ನೋಡಿದ ಸರ್ವೇಯರ್ ಗೋಡೆಯಲ್ಲಿ ತೇವ ಕಂಡ ಕೂಡಲೇ ಕೆಮಿಕಲ್ ಚುಚ್ಚುಮದ್ದು ಬರೆದುಕೊಡುವ ಸಾಧ್ಯತೆ ಇದೆ. ಹಳೇ ಗೋಡೆಗೆ ಅದರಿಂದ ಹಾನಿಯೇ ಆಗಬಹುದು.

ಹೆಜ್ಜೆ 4: ಕನ್ಸರ್ವೇಶನ್ ಏರಿಯಾ ಎಲ್ಲಿಂದ ಎಲ್ಲಿಗೆ?

ಒಂದೊಂದು ಮನೆಗೆ ಲಿಸ್ಟಿಂಗ್ ಇದ್ದ ಹಾಗೆ, ಇಡೀ ಬೀದಿಗೆ, ಊರಿಗೆ ಕನ್ಸರ್ವೇಶನ್ ಏರಿಯಾ ಅಂತ ರಕ್ಷಣೆ ಇರುತ್ತದೆ. 1967ರ ಕಾಯ್ದೆಯಿಂದ ಇದು ಶುರುವಾಯಿತು. ಅದೇ ವರ್ಷ ಲಿಂಕನ್‌ಶೈರ್‌ನ ಸ್ಟ್ಯಾಮ್‌ಫರ್ಡ್ ಮೊದಲನೆಯದಾಯಿತು. ಈಗ ಇಂಗ್ಲೆಂಡಿನಲ್ಲಿ ಇಂಥವು ಸುಮಾರು 10,000 ಇವೆ. ಗಡಿಯ ನಕ್ಷೆ ಕೌನ್ಸಿಲ್ ವೆಬ್‌ಸೈಟ್‌ನಲ್ಲಿ ಇರುತ್ತದೆ.

ಈ ಗಡಿಯೊಳಗೆ ಲಿಸ್ಟೆಡ್ ಅಲ್ಲದ ಮನೆ ಕೆಡವಲೂ ಅನುಮತಿ ಬೇಕು. ಬೇರೆ ಕಡೆ ಅನುಮತಿ ಇಲ್ಲದೆ ಮಾಡಬಹುದಾದ ಕೆಲವು ಕೆಲಸಗಳಿಗೆ ಇಲ್ಲಿ ಅರ್ಜಿ ಹಾಕಬೇಕು. ಹೊರಗೋಡೆಗೆ ಹಲಗೆಯೋ ಕಲ್ಲೋ ಹೊದಿಸುವುದು, ಛಾವಣಿಯಲ್ಲಿ ಹೊಸ ಗೂಡುಕಿಟಕಿ, ರಸ್ತೆಗೆ ಕಾಣುವ ಗೋಡೆಯಲ್ಲಿ ಡಿಶ್ ಆಂಟೆನಾ, ಇಂಥವು. ಸಣ್ಣ ಕೆಲಸಗಳಿಗೆ ಇರುವ ವಿನಾಯಿತಿಯನ್ನು ಕೌನ್ಸಿಲ್ ತೆಗೆದುಹಾಕುವ 'ಆರ್ಟಿಕಲ್ 4' ಆದೇಶ ಇರುವ ಬೀದಿಯಾದರೆ ಕಿಟಕಿ, ಬಾಗಿಲು ಬದಲಿಸಲೂ ಕೇಳಬೇಕಾಗಬಹುದು. ಆದೇಶದಲ್ಲಿ ಏನೇನು ಬರೆದಿದೆ ಅಂತ ಓದಿ ನೋಡಿ.

ಮರ ಕಡಿಯುವುದೂ ಸುಮ್ನೆ ಆಗುವುದಿಲ್ಲ. ನೆಲದಿಂದ 1.5 ಮೀಟರ್ ಎತ್ತರದಲ್ಲಿ ಕಾಂಡದ ಅಡ್ಡಳತೆ 75 ಮಿಲಿಮೀಟರ್‌ಗಿಂತ ಜಾಸ್ತಿ ಇದ್ದರೆ, ಕಡಿಯಲಿಕ್ಕೂ ಸವರಲಿಕ್ಕೂ 6 ವಾರ ಮುಂಚೆ ಕೌನ್ಸಿಲ್‌ಗೆ ಬರೆದು ತಿಳಿಸಬೇಕು.

ಎರಡೂ ರಕ್ಷಣೆ ಇಲ್ಲ ಅಂದರೂ ಮನಸ್ಸಿಗೆ ಬಂದಂತೆ ಕೆಡವಬಹುದು ಅಂತ ಅಲ್ಲ. ಸ್ಟಾಫರ್ಡ್‌ಶೈರ್‌ನ ಹಿಮ್ಲಿ ಬಳಿ 'ಕ್ರೂಕೆಡ್ ಹೌಸ್' ಅಂತ 18ನೇ ಶತಮಾನದ, ವಾಲಿಕೊಂಡು ನಿಂತಿದ್ದ ಪಬ್ ಇತ್ತು. ಲಿಸ್ಟೆಡ್ ಆಗಿರಲಿಲ್ಲ. 2023ರ ಆಗಸ್ಟ್‌ನಲ್ಲಿ ಬೆಂಕಿ ಬಿದ್ದ ಎರಡೇ ದಿನಕ್ಕೆ ಅದನ್ನು ಕೆಡವಲಾಯಿತು. 2024ರ ಫೆಬ್ರುವರಿಯಲ್ಲಿ ಕೌನ್ಸಿಲ್, ಮೊದಲಿದ್ದ ಹಾಗೆಯೇ ಮತ್ತೆ ಕಟ್ಟಿ ಅಂತ ಮಾಲೀಕರಿಗೆ ಆದೇಶ ಹೊರಡಿಸಿತು.

ಹೆಜ್ಜೆ 5: ಯಾವುದಕ್ಕೆ ಕೇಳಬೇಕು, ಯಾವುದಕ್ಕೆ ಬೇಡ

ಕಟ್ಟಡದ ವಿಶೇಷ ಗುಣದ ಮೇಲೆ ಪರಿಣಾಮ ಬೀರುವ ಯಾವ ಬದಲಾವಣೆಗೂ, ಕೆಡವುವುದಕ್ಕೂ 'ಲಿಸ್ಟೆಡ್ ಬಿಲ್ಡಿಂಗ್ ಕನ್ಸೆಂಟ್' ಬೇಕು. ಕಾನೂನು 1990ರದ್ದು. ಇದ್ದದ್ದನ್ನು ಇದ್ದ ಹಾಗೇ, ಅದೇ ವಸ್ತು, ಅದೇ ವಿಧಾನದಲ್ಲಿ ರಿಪೇರಿ ಮಾಡುವುದಕ್ಕೆ ಸಾಮಾನ್ಯವಾಗಿ ಬೇಡ. ಒಳಗೋಡೆಯ ಹಳೇ ಬಣ್ಣದ ಮೇಲೆ ಅಂಥದ್ದೇ ಬಣ್ಣ ಹಚ್ಚುವುದು, ಬೇರೆ ಸೋಫಾ ತರುವುದು, ಬಾಗಿಲಿಗೆ ತೋರಣ ಕಟ್ಟುವುದು, ಅಂಗಳದಲ್ಲಿ ತುಳಸಿ ಕುಂಡ ಇಡುವುದು, ಇವಕ್ಕೆಲ್ಲ ಯಾರನ್ನೂ ಕೇಳಬೇಕಿಲ್ಲ. ಹೊರಗೋಡೆಗೆ ಬೇರೆ ಬಣ್ಣ ಬಳಿಯುವ ಮುಂಚೆ ಮಾತ್ರ ಕೇಳಿ. ಮರದ ತೊಲೆಗಳಿಗೆ ಕಪ್ಪು ಬಣ್ಣ ಬಳಿಯುವುದನ್ನಂತೂ ಬಿಟ್ಟುಬಿಡಿ. ಸಫೋಕ್‌ನ ರೂಢಿ ಅದಲ್ಲ. ಇಲ್ಲಿ ಓಕ್ ಬೂದುಬಣ್ಣಕ್ಕೆ ತಿರುಗಲು ಬಿಡುತ್ತಾರೆ, ಇಲ್ಲವೇ ಗೋಡೆಯ ಜೊತೆಗೇ ಸುಣ್ಣ ಬಳಿಯುತ್ತಾರೆ.

ನಮ್ಮವರಿಗೆ ಮೊದಲು ಎದುರಾಗುವ ಪ್ರಶ್ನೆ ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್. ದಿನಾ ಒಗ್ಗರಣೆ, ಕುಕ್ಕರ್ ವಿಷಲ್ ಅಂದರೆ ಹಬೆ, ಹೊಗೆ ಹೊರಗೆ ಹೋಗಲೇಬೇಕು. ಮಣ್ಣಿನ ಗೋಡೆಗೆ, ಮರದ ಚೌಕಟ್ಟಿಗೆ ತೂತು ಕೊರೆಯಲು ಅನುಮತಿ ಬೇಕಾಗುತ್ತದೆ. ದಾರಿಗಳಿವೆ. ಹಿಂದುಗಡೆ ಇತ್ತೀಚೆಗೆ ಕಟ್ಟಿದ ಭಾಗ ಇದ್ದರೆ ಅಡುಗೆಮನೆ ಅಲ್ಲಿಗೆ ಹೋಗಲಿ, ಅಲ್ಲಿ ತೂತಿಗೆ ಅನುಮತಿ ಸುಲಭವಾಗಿ ಸಿಗಬಹುದು. ಬಳಸದ ಚಿಮಣಿ ಇದ್ದರೆ ಅದರ ಮೂಲಕ ಪೈಪ್ ಬಿಡಲು ಆಗುತ್ತದೆಯೇ ಕೇಳಿ. ಎರಡೂ ಆಗದಿದ್ದರೆ ಕಾರ್ಬನ್ ಫಿಲ್ಟರ್ ಇರುವ, ತೂತೇ ಬೇಡದ ಹುಡ್ ಸಿಗುತ್ತದೆ. ಅದು ವಾಸನೆ ತಡೆಯುತ್ತದೆ, ಹಬೆಯನ್ನಲ್ಲ. ಕಿಟಕಿ ತೆರೆದಿಡಿ.

ಹಬೆಯ ಬಗ್ಗೆ ಇಷ್ಟು ಹೇಳಲು ಕಾರಣ ಇದೆ. ಈ ಮನೆಗಳಲ್ಲಿ ಮರದ ಚೌಕಟ್ಟಿನ ನಡುವೆ ಕಡ್ಡಿ ಹೆಣೆದ ತಟ್ಟಿ. ಅದರ ಮೇಲೆ ಜೇಡಿಮಣ್ಣು, ಹುಲ್ಲು, ಸೆಗಣಿ ಕಲಸಿ ಮೆತ್ತಿರುತ್ತಾರೆ. ಮಲೆನಾಡಿನ ಹಳೇ ತಟ್ಟಿಗೋಡೆ ನೋಡಿದವರಿಗೆ ಇದು ಥಟ್ಟನೆ ಅರ್ಥವಾಗುತ್ತದೆ. ಮೇಲಿನ ಸುಣ್ಣದ ಗಾರೆ ಒಳಗಿನ ತೇವವನ್ನು ನಿಧಾನವಾಗಿ ಹೊರಗೆ ಬಿಡುತ್ತದೆ. ಇದರ ಮೇಲೆ ಸಿಮೆಂಟ್ ಮೆತ್ತಿದರೆ, ಪ್ಲಾಸ್ಟಿಕ್ ಬಣ್ಣ ಬಳಿದರೆ ತೇವ ಒಳಗೇ ಸಿಕ್ಕಿಕೊಳ್ಳುತ್ತದೆ. ಸಿಮೆಂಟ್ ಎಲ್ಲೋ ಒಂದು ಕಡೆ ಬಿರುಕು ಬಿಡುತ್ತದೆ, ಅಲ್ಲಿಂದ ಮಳೆನೀರು ಒಳಗಿಳಿಯುತ್ತದೆ, ಹೊರಗೆ ಬರಲು ದಾರಿ ಇರುವುದಿಲ್ಲ. 500 ವರ್ಷ ನಿಂತ ಓಕ್ ತಳದಿಂದ ಕೊಳೆಯತೊಡಗುತ್ತದೆ. ಹಳೇ ಮನೆಗೆ ಸುಣ್ಣದ ಕೆಲಸ ಬಲ್ಲ ಮೇಸ್ತ್ರಿಯನ್ನೇ ಹುಡುಕಿ, ಕಾಯಬೇಕಾದರೂ ಕಾಯಿರಿ. ವಿಲಿಯಂ ಮಾರಿಸ್ 1877ರಲ್ಲಿ ಕಟ್ಟಿದ, 'ಸ್ಪ್ಯಾಬ್' ಎಂದು ಕರೆಯುವ, ಹಳೇ ಕಟ್ಟಡಗಳ ರಕ್ಷಣೆಯ ಸಂಸ್ಥೆ ಇಂಥ ವಿಷಯಗಳಲ್ಲಿ ಫೋನ್‌ನಲ್ಲೇ ಉಚಿತ ಸಲಹೆ ಕೊಡುತ್ತದೆ.

ಚಳಿಗೆ ಡಬಲ್ ಗ್ಲೇಜಿಂಗ್, ಅಂದರೆ ಎರಡು ಪದರ ಗಾಜಿನ ಕಿಟಕಿ ಬೇಕು ಅನ್ನಿಸುತ್ತದೆ. ಹಳೇ ಕಿಟಕಿ ಕಿತ್ತು ಹಾಕಲು ಅನುಮತಿ ಸಿಗುವುದು ಕಷ್ಟ. ಒಳಗಡೆಯಿಂದ ಇನ್ನೊಂದು ಗಾಜಿನ ಪರದೆ ಹಾಕುವ ಸೆಕೆಂಡರಿ ಗ್ಲೇಜಿಂಗ್‌ಗೆ ಕೌನ್ಸಿಲ್‌ಗಳು ಸುಲಭವಾಗಿ ಒಪ್ಪುತ್ತವೆ. ಸೋಲಾರ್ ಪ್ಯಾನೆಲ್‌ಗೂ ಅರ್ಜಿ ಹಾಕಬೇಕು.

ಅನುಮತಿ ಬೇಕೋ ಬೇಡವೋ ಅಂತ ಗೊಂದಲವಿದ್ದರೆ, 'ಬೇಡ' ಅಂತ ಕೌನ್ಸಿಲ್‌ನಿಂದಲೇ ಬರೆಸಿಕೊಳ್ಳುವ ಪ್ರಮಾಣಪತ್ರ ಇದೆ. ಕೆಲಸ ಶುರುವಾಗುವ ಮುಂಚೆ ಕೇಳಬೇಕು ಅಷ್ಟೇ.

ಹೆಜ್ಜೆ 6: ಅರ್ಜಿ

ಮೊದಲು ಕೌನ್ಸಿಲ್‌ನ ಕನ್ಸರ್ವೇಶನ್ ಆಫೀಸರ್ ಜೊತೆ ಮಾತಾಡಿ. ಪೂರ್ವಸಲಹೆಗೆ ಬಹಳ ಕಡೆ ಶುಲ್ಕ ಇದೆ, ಕೊಟ್ಟರೆ ನಷ್ಟವಿಲ್ಲ. "ನನಗೆ ಇದು ಬೇಕು" ಅಂತ ನಕ್ಷೆ ಹಿಡಿದು ಹೋಗುವುದಕ್ಕಿಂತ "ನನಗೆ ಈ ತೊಂದರೆ ಇದೆ, ಏನು ಮಾಡಬಹುದು" ಅಂತ ಕೇಳಿ ನೋಡಿ. ಈ ಅಧಿಕಾರಿಗಳು ಇಂಥ ನೂರಾರು ಮನೆ ನೋಡಿರುತ್ತಾರೆ.

ಆಮೇಲೆ 'ಪ್ಲ್ಯಾನಿಂಗ್ ಪೋರ್ಟಲ್' ಮೂಲಕ ಅರ್ಜಿ. ಲಿಸ್ಟೆಡ್ ಬಿಲ್ಡಿಂಗ್ ಕನ್ಸೆಂಟ್‌ಗೆ ಶುಲ್ಕ ಇಲ್ಲ. ಮನೆ ಹಿಗ್ಗಿಸುವಂಥ ಕೆಲಸವಾದರೆ ಪ್ಲ್ಯಾನಿಂಗ್ ಪರ್ಮಿಶನ್ ಕೂಡ ಬೇಕು, ಅದಕ್ಕೆ ಶುಲ್ಕ ಇದೆ. ಕಟ್ಟಡದ ಸುರಕ್ಷತೆ, ಗುಣಮಟ್ಟ ನೋಡುವ ಬಿಲ್ಡಿಂಗ್ ರೆಗ್ಯುಲೇಶನ್ ಇನ್ನೊಂದು ಪ್ರತ್ಯೇಕ ಒಪ್ಪಿಗೆ. ಒಂದು ಸಿಕ್ಕಿದರೆ ಇನ್ನೊಂದು ಸಿಕ್ಕ ಹಾಗಲ್ಲ.

ಅರ್ಜಿಯ ಜೊತೆ ಸ್ಥಳದ ನಕ್ಷೆ, ಈಗಿನ ಮತ್ತು ಮುಂದಿನ ರೂಪದ ಅಳತೆಯ ಚಿತ್ರಗಳು, ಫೋಟೋ, ಹೆರಿಟೇಜ್ ಸ್ಟೇಟ್‌ಮೆಂಟ್ ಇರಬೇಕು. ಈ ಕೊನೆಯದ್ದರ ಮೇಲೆ ಜಾಸ್ತಿ ಶ್ರಮ ಹಾಕಿ. ಕಟ್ಟಡದಲ್ಲಿ ಬೆಲೆಬಾಳುವುದು ಏನು, ನಿಮ್ಮ ಕೆಲಸದಿಂದ ಅದಕ್ಕೆ ಎಷ್ಟು ಹಾನಿ, ಆ ಕೆಲಸ ಯಾಕೆ ಬೇಕೇ ಬೇಕು ಅಂತ ಅದರಲ್ಲಿ ಬರೆಯಬೇಕು. ಹಳೇ ಅಟ್ಟದಲ್ಲಿ ಬಾವಲಿ ಇದ್ದರೆ ಅವುಗಳಿಗೂ ಕಾನೂನಿನ ರಕ್ಷಣೆ ಇದೆ. ಅವು ಸಂಜೆ ಹೊರಬರುವುದನ್ನು ಎಣಿಸುವ ಸರ್ವೇ ಬೇಸಿಗೆಯ ತಿಂಗಳುಗಳಲ್ಲೇ ಆಗಬೇಕು. ತಪ್ಪಿದರೆ ಮುಂದಿನ ವರ್ಷಕ್ಕೆ.

ಅರ್ಜಿ ಸೇರಿದ ಮೇಲೆ ಊರಿನವರಿಗೆ ಅಭಿಪ್ರಾಯ ಹೇಳಲು ಸಾಮಾನ್ಯವಾಗಿ 21 ದಿನ ಸಿಗುತ್ತದೆ. ನಮ್ಮ ಗ್ರಾಮ ಪಂಚಾಯಿತಿಯಂಥ ಪ್ಯಾರಿಷ್ ಕೌನ್ಸಿಲ್ ಕೂಡ ಬರೆಯುತ್ತದೆ. ತೀರ್ಮಾನ ಮಾತ್ರ ಡಿಸ್ಟ್ರಿಕ್ಟ್ ಕೌನ್ಸಿಲ್‌ನದ್ದು. ಗಡುವು 8 ವಾರ. ಪ್ಲ್ಯಾನಿಂಗ್ ಪರ್ಮಿಶನ್ ಕೂಡ ಕೇಳಿದ್ದರೆ ಊರಿನವರೇ ರೂಪಿಸಿ ಮತದಾನದಲ್ಲಿ ಒಪ್ಪಿದ ನೇಬರ್‌ಹುಡ್ ಪ್ಲಾನ್ ಇದೆಯಾ ನೋಡಿ. ಲ್ಯಾವೆನಮ್‌ನಲ್ಲಿ 2016ರಿಂದ ಅಂಥದ್ದು ಇದೆ. ತೀರ್ಮಾನಕ್ಕೆ ಅದರ ತೂಕವೂ ಸೇರುತ್ತದೆ.

ಕೌನ್ಸಿಲ್ ಅರ್ಜಿ ತಿರಸ್ಕರಿಸಿದರೆ ಕಾರಣ ಓದಿ, ತಿದ್ದಿ ಮತ್ತೆ ಹಾಕಿ. ಹಾಗೂ ಆಗದಿದ್ದರೆ 6 ತಿಂಗಳೊಳಗೆ ಇಂಥ ಮೇಲ್ಮನವಿ ನೋಡುವ ಸರ್ಕಾರಿ ಸಂಸ್ಥೆಯಾದ ಪ್ಲ್ಯಾನಿಂಗ್ ಇನ್ಸ್‌ಪೆಕ್ಟರೇಟ್‌ಗೆ ಮೇಲ್ಮನವಿ ಸಲ್ಲಿಸಬಹುದು.

ಬಜೆಟ್ ಹಾಕುವಾಗ ವ್ಯಾಟ್ ಮರೆಯಬೇಡಿ. ಅನುಮತಿ ಪಡೆದ ಬದಲಾವಣೆಗೆ ಮೊದಲು ವಿನಾಯಿತಿ ಇತ್ತು. 2012ರ ಅಕ್ಟೋಬರ್‌ನಿಂದ ಅದು ಹೋಯಿತು.

ಹೆಜ್ಜೆ 7: ಕೆಲಸ ಶುರುವಾದ ಮೇಲೆ

ಒಪ್ಪಿಗೆ ಸಿಕ್ಕಿದರೆ ಸಾಮಾನ್ಯವಾಗಿ 3 ವರ್ಷದೊಳಗೆ ಕೆಲಸ ಶುರು ಮಾಡಬೇಕು. ಪತ್ರದ ಕೊನೆಯಲ್ಲಿ ಷರತ್ತುಗಳು ಇರುತ್ತವೆ. ಗಾರೆಯ ಮಾದರಿ ತೋರಿಸಿ ಒಪ್ಪಿಗೆ ಪಡೆದ ಮೇಲೇ ಗೋಡೆ ಮುಟ್ಟಿ ಅಂತ ಇರಬಹುದು. ಷರತ್ತು ಮುರಿದರೂ ಅಪರಾಧವೇ.

ಅನುಮತಿ ಇಲ್ಲದೆ ಕೆಲಸ ಮಾಡಿದರೆ ಎರಡು ವರ್ಷದವರೆಗೆ ಜೈಲು, ಮಿತಿ ಇಲ್ಲದ ದಂಡ. ಮನೆ ಲಿಸ್ಟೆಡ್ ಅಂತ ಗೊತ್ತಿರಲಿಲ್ಲ ಎನ್ನುವ ಸಮಜಾಯಿಷಿ ನಡೆಯುವುದಿಲ್ಲ. ಮಾಡಿಸಿದ ಮಾಲೀಕರ ಜೊತೆ ಕೆಲಸ ಮಾಡಿದ ಬಿಲ್ಡರ್ ಕೂಡ ಹೊಣೆ. ಅನುಮತಿ ಪತ್ರ, ಷರತ್ತು, ನಕ್ಷೆಗಳ ಪ್ರತಿಯನ್ನು ಬಿಲ್ಡರ್ ಕೈಗೆ ಕೊಟ್ಟು ಸಹಿ ಹಾಕಿಸಿಕೊಳ್ಳಿ. ಗಾರೆ ಕೆರೆಯುವಾಗ ಹಳೇ ಒಲೆಗೂಡೋ ಗೋಡೆಚಿತ್ರವೋ ಕಂಡರೆ ಅಲ್ಲಿಗೇ ನಿಲ್ಲಿಸಿ ಕನ್ಸರ್ವೇಶನ್ ಆಫೀಸರ್‌ಗೆ ಫೋನ್ ಮಾಡಿ.

ಬಿರುಗಾಳಿಗೆ ಚಿಮಣಿ ಕುಸಿಯುವ ಹಾಗಿದ್ದರೆ 8 ವಾರ ಕಾಯುತ್ತಾ ಕೂರುವುದಕ್ಕೆ ಆಗುವುದಿಲ್ಲ. ಕಾನೂನು ಇದಕ್ಕೆ ಜಾಗ ಬಿಟ್ಟಿದೆ. ಪ್ರಾಣಾಪಾಯ ತಪ್ಪಿಸಲು ಅಥವಾ ಕಟ್ಟಡ ಉಳಿಸಲು ಬೇಕಾದಷ್ಟನ್ನು ಮಾತ್ರ ಮಾಡಬಹುದು. ಆಸರೆ ಕೊಟ್ಟು, ತಾಡಪಾಲು ಹೊದಿಸಿದರೆ ಸಾಕಾಗುವಂತಿದ್ದರೆ ಕೆಡವುವ ಹಾಗಿಲ್ಲ. ಮುಟ್ಟುವ ಮುಂಚೆ ಎಲ್ಲ ಕಡೆಯಿಂದ ಫೋಟೋ ತೆಗೆಯಿರಿ, ಬಿದ್ದ ಇಟ್ಟಿಗೆ, ಮರ ಎಸೆಯದೆ ಒಂದು ಕಡೆ ಪೇರಿಸಿಡಿ, ಆ ದಿನವೇ ಕೌನ್ಸಿಲ್‌ಗೆ ಇಮೇಲ್ ಕಳಿಸಿ.